ಮಗುವಿಗೆ ಥಲಸೀಮಿಯಾ ಮೈನರ್ ಅಂತೆ, ಭಯಪಡಬೇಕಾ?

ಪ್ರಶ್ನೆ: ನಮ್ಮ ಮಗಳಿಗೆ ಎರಡು ವರ್ಷ. ಆಟ, ಊಟ ಎಲ್ಲ ಚೆನ್ನಾಗಿದೆ. ಜ್ವರ ಬಂದು ವಾಸಿಯಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 10.2, ಎಂಸಿವಿ 61, ಆರ್‌ಬಿಸಿ 5.6, ಫೆರಿಟಿನ್ 38, ಎಚ್‌ಬಿ ಎ2 5.1. ಬೀಟಾ ಥಲಸೀಮಿಯಾ ಮೈನರ್ ಎಂದರು. ಆರು ತಿಂಗಳಿಂದ ಐರನ್ ಸಿರಪ್ ಕೊಡುತ್ತಿದ್ದೇವೆ, ಹಿಮೋಗ್ಲೋಬಿನ್ ಏರುತ್ತಲೇ ಇಲ್ಲ.

ಉತ್ತರ: ಏರುವುದಿಲ್ಲ, ಯಾಕಂದ್ರೆ ಕೊರತೆ ಕಬ್ಬಿಣದ್ದಲ್ಲ. ಥಲಸೀಮಿಯಾ ಅಂದರೆ ಹಿಮೋಗ್ಲೋಬಿನ್ ತಯಾರಿಕೆಯೇ ಕಡಿಮೆಯಾಗುವ, ತಂದೆ ತಾಯಿಯಿಂದ ಬರುವ ತೊಂದರೆ; ಮೈನರ್ ಅದರ ಸೌಮ್ಯ ರೂಪ. ಫೆರಿಟಿನ್ ಅಂದರೆ ಮೈಯೊಳಗಿನ ಕಬ್ಬಿಣದ ದಾಸ್ತಾನು, ಅದು ಸಾಕಷ್ಟಿದೆ. ಎಂಸಿವಿ ಅಂದರೆ ಕೆಂಪು ಕಣದ ಗಾತ್ರ. ನಿಮ್ಮ ಮಗಳ ಕಣಗಳು ಚಿಕ್ಕವು, ಆದರೆ ಸಂಖ್ಯೆಯಲ್ಲಿ (ಅದೇ ಆರ್‌ಬಿಸಿ) ಜಾಸ್ತಿ. ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿ ನೋಡಿ, ಸುಮಾರು 11 ಬರುತ್ತದೆ. 13ಕ್ಕಿಂತ ಕಡಿಮೆ ಬಂದರೆ ಥಲಸೀಮಿಯಾ ಕಡೆಗೆ ಬೆರಳು ತೋರಿಸುತ್ತದೆ ಅಷ್ಟೇ, ತೀರ್ಪಲ್ಲ. ಅದನ್ನು ಗಟ್ಟಿ ಮಾಡುವುದು ಎಚ್‌ಬಿ ಎ2, ಅಂದರೆ ಹಿಮೋಗ್ಲೋಬಿನ್‌ನ ಒಂದು ಬಗೆಯ ಪಾಲು, ಅದು 3.5%ಕ್ಕಿಂತ ಜಾಸ್ತಿ ಇದೆಯಲ್ವಾ.

ಇದು ಹುಟ್ಟಿನಿಂದ ಬಂದ ಗುಣ. ಮುಂದೆ ಮೇಜರ್, ಅಂದರೆ ಪದೇ ಪದೇ ರಕ್ತ ಕೊಡಿಸಬೇಕಾಗುವ ತೀವ್ರ ರೂಪ, ಆಗಿ ಬದಲಾಗುವುದಿಲ್ಲ, ರಕ್ತ ಕೊಡಿಸುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ. ಸಿರಪ್ ನಿಲ್ಲಿಸುವ ಬಗ್ಗೆ ನಿಮ್ಮ ಮಕ್ಕಳ ವೈದ್ಯರನ್ನು ಕೇಳಿ. ಮುಂದೆಂದಾದರೂ ಫೆರಿಟಿನ್ ಇಳಿದರೆ ಆಗ ಕಬ್ಬಿಣ ಬೇಕಾಗಬಹುದು. ಅಂದಹಾಗೆ, ಲ್ಯಾಬ್ ವರದಿಯ ಪಕ್ಕದಲ್ಲಿರುವ ಅಂಕಿಗಳು ಎಷ್ಟೋ ಸಲ ದೊಡ್ಡವರದ್ದು. ಈ ವಯಸ್ಸಿಗೆ ಹಿಮೋಗ್ಲೋಬಿನ್ 11 ಇದ್ದರೆ ಸಾಕು, ನಿಮ್ಮ ಮಗಳದ್ದು ಅದಕ್ಕಿಂತ ಸ್ವಲ್ಪವೇ ಕಡಿಮೆ, ಸುಮ್ನೆ ಗಾಬರಿಯಾಗಬೇಡಿ.

ಈಗ ಮಗುವಿಗಿಂತ ಮುಖ್ಯವಾಗಿ ನೀವಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ಇಬ್ಬರಲ್ಲೂ ಈ ಗುಣ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್ ಬರುವ ಸಾಧ್ಯತೆ 25%. ಎರಡನೆಯ ಮಗುವಿನ ಯೋಚನೆಯಿದ್ದರೆ ಅದಕ್ಕೂ ಮೊದಲೇ ಮಾಡಿಸಿ.