“ಹೌದು ಅಂದ್ರೆ ಹೊದಿಕೆ ಕಿತ್ಕೊಳ್ತಾರೆ, ಮಿಸ್”

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಅಮೆರಿಕದಲ್ಲಿ, ಕೋರ್ಟಿನ ವಿಚಾರಣೆ ಮುಗಿಯುವ ತನಕ ಮಕ್ಕಳನ್ನು ಇಡುವ ಬಂಧನ ಕೇಂದ್ರವೊಂದರಲ್ಲಿ ನಾನು ಆಪ್ತಸಲಹೆಗಾರ್ತಿ. ಇಂಥ ಹುಡುಗ ನನ್ನೆದುರು ಕೂತಿದ್ದು ಇದೇ ಮೊದಲಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವನಿಗೆ 15 ವರ್ಷ. ಕಪ್ಪು ವರ್ಣೀಯ. ಸಾಕಿದ್ದು ಅಜ್ಜಿ. ಶಾಲೆಯಲ್ಲಿ ಹೊಡೆದಾಡಿ ಒಳಗೆ ಬಂದವನು, ಬಂದ ಮೇಲೆ ಇನ್ನೂ 2 ಸಲ ಹೊಡೆದಾಡಿದ್ದ. ಫೈಲಿನಲ್ಲಿ ‘ಕಂಡಕ್ಟ್ ಡಿಸಾರ್ಡರ್’ ಅಂತ ಬರೆದಿತ್ತು. ಅಂದರೆ ನಿಯಮ ಮುರಿಯುವುದು, ಬೇರೆಯವರನ್ನು ನೋಯಿಸುವುದು ಇವನ ಸ್ವಭಾವವೇ ಅಂತ ಓದುವವರು ಅಂದುಕೊಳ್ಳುತ್ತಾರೆ. ಅದೇ ವಾರ ಇನ್ನೊಬ್ಬನ ಫೈಲ್ ನೋಡಿದ್ದೆ. ಬಿಳಿಯ ಹುಡುಗ, ಅದೇ ವಯಸ್ಸು, ಹೆಚ್ಚುಕಡಿಮೆ ಅಂಥದ್ದೇ ಹೊಡೆದಾಟ. ಅಲ್ಲಿ ‘ಖಿನ್ನತೆ’ ಅಂತಿತ್ತು. ಅವನನ್ನು ಚಿಕಿತ್ಸೆಗೆ ಕಳಿಸಿದರು. ಇವನನ್ನು ಒಂಟಿ ಕೋಣೆಗೆ ಹಾಕಿದರು.

ಒಳಗೆ ಬಂದ ಮಕ್ಕಳಿಗೆ ಬಹಳ ಕಡೆ ಮೊದಲು ಕೊಡುವುದು ಮೇಸಿ-2 ಎಂಬ, ಮನಸ್ಸಿನ ತೊಂದರೆಯ ಸುಳಿವು ಹುಡುಕುವ ಪ್ರಶ್ನೆಪಟ್ಟಿ. 52 ಪ್ರಶ್ನೆ. ಹೌದು ಅಥವಾ ಇಲ್ಲ, ಅಷ್ಟೇ. ಇವನು 52ಕ್ಕೂ ಇಲ್ಲ ಅಂದಿದ್ದ.

ಮೂರನೇ ಭೇಟಿಯಲ್ಲೂ ಅವನು ಕುರ್ಚಿಯನ್ನು ಗೋಡೆಗೆ ತಾಗುವ ತನಕ ಹಿಂದಕ್ಕೆಳೆದು, ಬಾಗಿಲಿಗೆ ಮುಖ ಮಾಡಿ ಕೂತ. ಹೊರಗೆ ಬೀಗದ ಸದ್ದಾದಾಗಲೆಲ್ಲ ಮಾತು ನಿಲ್ಲುತ್ತಿತ್ತು. ನಾನು ಆ ಫಾರಂ ಅವನ ಮುಂದಿಟ್ಟೆ.

“ನಿದ್ದೆಗೆ ಏನೂ ತೊಂದರೆ ಇಲ್ಲ ಅಂದಿದ್ದೀಯ. ನಿನ್ನ ಕಣ್ಣು ನೋಡಿದ್ರೆ ಹಾಗನ್ನಿಸಲ್ಲ.”

ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ: “ಹೌದು ಅಂದ್ರೆ ಹೊದಿಕೆ ಕಿತ್ಕೊಳ್ತಾರೆ, ಮಿಸ್.”

ಅವನ ಮಾತು ಪೂರ್ತಿ ಸುಳ್ಳಲ್ಲ. ಜೀವ ಕಳೆದುಕೊಳ್ಳುವ ಯೋಚನೆ ಇದೆ ಅಂತ ಗೊತ್ತಾದರೆ ಮಗುವನ್ನು ನಿಗಾದಲ್ಲಿಡುತ್ತಾರೆ. ಹರಿಯಲಾಗದ ದಪ್ಪ ನಿಲುವಂಗಿ ತೊಡಿಸಿ, ಹೊದಿಕೆ, ಬಟ್ಟೆ ಎಲ್ಲ ತೆಗೆದುಬಿಡುತ್ತಾರೆ. ಕಾಪಾಡಲೆಂದೇ ಮಾಡುವುದು. ಮಗುವಿಗೆ ಮಾತ್ರ ಅದು ಶಿಕ್ಷೆ.

“ನಿಂಗೆ ಯಾರು ಹೇಳಿದ್ದು?”

“ಅಣ್ಣ. ಅವನೂ ಇಲ್ಲಿದ್ದ. ಎಲ್ಲದಕ್ಕೂ ಇಲ್ಲ ಅನ್ನು ಅಂತ ಹೇಳಿಕೊಟ್ಟಿದ್ದ.”

“ಈಗ ಅಣ್ಣ ಎಲ್ಲಿದ್ದಾನೆ?”

ಅವನು ತನ್ನ ಚಪ್ಪಲಿ ನೋಡಿಕೊಂಡ. “ಇಲ್ಲ.”

2 ವರ್ಷದ ಹಿಂದೆ ಇವನ ಪಕ್ಕದಲ್ಲಿ ನಡೆಯುತ್ತಿದ್ದಾಗಲೇ ಅಣ್ಣನಿಗೆ ಗುಂಡು ಬಿದ್ದಿತ್ತು, ಹಿಂದಿನಿಂದ. ನಾನು ಎದ್ದುಹೋಗಿ ಒಳಗಿನ ಹೊಡೆದಾಟಗಳ ವರದಿ ಮತ್ತೆ ಓದಿದೆ. 2 ಸಲವೂ ಯಾರೋ ಇವನ ಬೆನ್ನ ಹಿಂದೆ ಬಂದಿದ್ದರು. ಬರೆದೇ ಇತ್ತು. ಯಾಕೆ ಅಂತ ಯಾರೂ ಕೇಳಿರಲಿಲ್ಲ.

ನಾನು ಅವನಿಗೆ ಹೇಳಿದ್ದು ಇಷ್ಟು: “ನಿಂಗೆ ಸುಳ್ಳು ಹೇಳಲ್ಲ. ಸಾಯ್ಬೇಕು ಅನ್ನಿಸ್ತಿದೆ ಅಂದ್ರೆ ನಾನು ಮೇಲಿನವರಿಗೆ ತಿಳಿಸಲೇಬೇಕು. ಆದ್ರೆ ನಿದ್ದೆ, ಕನಸು, ನೀನು ಕಂಡಿದ್ದು, ಇದನ್ನೆಲ್ಲ ಹೇಳಿದ್ರೆ ಹೊದಿಕೆ ಹೋಗಲ್ಲ. ಹೇಳದಿದ್ರೆ ಚಿಕಿತ್ಸೆ ಸಿಗಲ್ಲ.” ಅಜ್ಜಿಗೆ ಹೇಳಿದೆ: ಅಣ್ಣನ ಆಸ್ಪತ್ರೆ ಕಾಗದ, ಈ ಹುಡುಗನ ಹಳೆಯ ಅಂಕಪಟ್ಟಿ, ಎರಡನ್ನೂ ವಕೀಲರಿಗೆ ಕೊಡಿ, ಮರುಪರೀಕ್ಷೆ ಬೇಕು ಅಂತ ಬರಹದಲ್ಲೇ ಕೇಳಿ. ನೋಡಲು ಬಂದಾಗ ‘ಯಾಕೆ ಹೊಡೆದೆ’ ಅನ್ನಬೇಡಿ, ‘ನಿದ್ದೆ ಬಂತಾ’ ಅನ್ನಿ.

ತಪ್ಪಿಗೆ ನೆಪ ಹುಡುಕಿಕೊಡ್ತಿದ್ದೀರಿ ಅಂದರು ಸಹೋದ್ಯೋಗಿಯೊಬ್ಬರು. ಅಲ್ಲ. ಏಟು ತಿಂದ ಹುಡುಗನ ನೋವೂ ನಿಜ. ಅದಕ್ಕೆ ಇವನು ಉತ್ತರ ಕೊಡಲೇಬೇಕು, ಹಾಗಂತ ಇವನಿಗೂ ಹೇಳಿದ್ದೇನೆ. ಆದರೆ ಆ ಬಿಳಿಯ ಹುಡುಗನಿಗೆ ಸಿಕ್ಕಿದ, ‘ಒಳಗೆ ಏನು ನೋವಿದೆ’ ಅನ್ನುವ ಒಂದು ಪ್ರಶ್ನೆ ಇವನಿಗೂ ಸಿಗಬೇಕಿತ್ತು, ಅಲ್ವಾ? ಶಿಕಾಗೋದ ಬಂಧನ ಕೇಂದ್ರದಲ್ಲಿ 1,829 ಮಕ್ಕಳನ್ನು ಮಾತಾಡಿಸಿ ಮಾಡಿದ ಅಧ್ಯಯನ 2002ರಲ್ಲಿ ಬಂತು. ಹುಡುಗರಲ್ಲೇ ಸುಮಾರು ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. 2014ರ ಇನ್ನೊಂದು ಅಧ್ಯಯನದಲ್ಲಿ, ದೊಡ್ಡ ಅಪರಾಧದ ಆರೋಪ ಹೊತ್ತ ಕಪ್ಪು ಹುಡುಗರ ವಯಸ್ಸನ್ನು ನೋಡುವವರು ಸರಾಸರಿ 4 ವರ್ಷಕ್ಕೂ ಜಾಸ್ತಿ ಅಂದಾಜಿಸಿದ್ದರು. 15ರ ಹುಡುಗ ಕಣ್ಣಿಗೆ 19ರವನಾಗಿ ಕಂಡರೆ ಅವನ ಭಯವೂ ಸೊಕ್ಕಿನ ಹಾಗೇ ಕಾಣುತ್ತದೆ.

ಇಲ್ಲಿನ ಶಾಲೆ, ಆಸ್ಪತ್ರೆ, ಕೋರ್ಟುಗಳಲ್ಲಿ ಕೆಲಸ ಮಾಡುವ ಕನ್ನಡಿಗರೇ, ಇಂಥ ಫಾರಂ ನಿಮ್ಮ ಮೇಜಿಗೂ ಬರಬಹುದು. ಮೇಲಿಂದ ಕೆಳಗೆ ಬರೀ ‘ಇಲ್ಲ’ ಕಂಡರೆ ಸಹಿ ಹಾಕಬೇಡಿ. ಆ ಮಗುವನ್ನು ಒಬ್ಬನನ್ನೇ ಕೂರಿಸಿಕೊಂಡು ಮತ್ತೆ ಕೇಳಿ.

ಮರುಪರೀಕ್ಷೆಗೆ 7 ವಾರ ಹಿಡಿಯಿತು. ಆಘಾತದಿಂದ ಬಂದ ತೊಂದರೆ ಎಂದಾಯಿತು, ಚಿಕಿತ್ಸೆ ಶುರುವಾಯಿತು. ಹಳೆಯ ಪದ ತೆಗೆಸಿ ಅಂತ ಅಜ್ಜಿ ಅರ್ಜಿ ಕೊಟ್ಟರು. ತೆಗೆದಿಲ್ಲ. ಫೈಲಿನಲ್ಲಿ ಅದು ಈಗಲೂ ಮೇಲೇ ಇದೆ, ಹೊಸದು ಅದರ ಕೆಳಗಿದೆ.