ಅಂಗವಿಕಲರ ನಿರುದ್ಯೋಗ ಬರೀ ಶೇ 4.2 ಅಂದರೆ ಕೆಲಸದ ಸಮಸ್ಯೆ ಇಲ್ಲವೆಂದೇ?

ಹಾಗಲ್ಲ. ಈ ಅಂಕಿ 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನದು. ಅಂಕಿ ಸರಿ, ಓದುವ ರೀತಿ ತಪ್ಪು.

ನಿರುದ್ಯೋಗ ದರ ಲೆಕ್ಕ ಹಾಕುವಾಗ ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವವರು ಮಾತ್ರ ಛೇದದಲ್ಲಿ ಬರುತ್ತಾರೆ. ಅದೇ ಸಮೀಕ್ಷೆಯಲ್ಲಿ 15 ವರ್ಷ ಮೇಲ್ಪಟ್ಟ 100 ಅಂಗವಿಕಲರಲ್ಲಿ ಹಾಗೆ ಸಿಕ್ಕವರು 23.8. ಅವರಲ್ಲಿ ಕೆಲಸವಿದ್ದವರು 22.8. ಉಳಿದ 1ನ್ನು 23.8ರಿಂದ ಭಾಗಿಸಿ, ಶೇ 4.2 ಬರುತ್ತದೆ. ಮಿಕ್ಕ 76 ಮಂದಿ ಲೆಕ್ಕಕ್ಕೇ ಇಲ್ಲ. ಅವರಲ್ಲಿ ವೃದ್ಧರೂ ವಿದ್ಯಾರ್ಥಿಗಳೂ ಇದ್ದಾರೆ, ನಿಜ. ಆದರೆ ಹುಡುಕಿ ಸೋತು ಕೈಬಿಟ್ಟವರೂ ಅಲ್ಲೇ ಸೇರಿಬಿಡುತ್ತಾರೆ. ಹಾಗಾಗಿ ಮೊದಲು ನೋಡಬೇಕಾದ್ದು 22.8 ಎಂಬ ಅಂಕಿಯನ್ನು.

ಇದನ್ನು 2011ರ ಜನಗಣತಿಯ ಜೊತೆ ನೇರವಾಗಿ ಹೋಲಿಸಬೇಡಿ. ಅಲ್ಲಿ ಎಣಿಸಿದ್ದು 8 ಬಗೆಯ ವೈಕಲ್ಯ, ಸಿಕ್ಕ ಸಂಖ್ಯೆ 2.68 ಕೋಟಿ (ಕರ್ನಾಟಕದಲ್ಲಿ ಸುಮಾರು 13.24 ಲಕ್ಷ). 2018ರ ಸಮೀಕ್ಷೆ ಅನುಸರಿಸಿದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು, ಅದರ ಪಟ್ಟಿಯಲ್ಲಿ 21 ಬಗೆಗಳಿವೆ.

ಅಂಗವಿಕಲರ ನೇಮಕಾತಿ ಎಷ್ಟಾಯಿತು ಎಂಬುದೊಂದೇ ಯಶಸ್ಸಿನ ಅಳತೆಯಲ್ಲ. ನಿಮ್ಮ ಸಂಸ್ಥೆಯಲ್ಲಿ ಒಂದು ವರ್ಷದ ನಂತರ ಎಷ್ಟು ಮಂದಿ ಉಳಿದರು, ಬಡ್ತಿ ಯಾರಿಗೆ ಸಿಕ್ಕಿತು, ಕೇಳಿದ ಸೌಲಭ್ಯ (ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್, ಇಳಿಜಾರು, ಸನ್ನೆಭಾಷೆಯ ದುಭಾಷಿ) ಎಷ್ಟು ದಿನಕ್ಕೆ ಬಂತು ಎಂದು ಬರೆದಿಡಿ. ಹತ್ತು ಜನರಿರುವ ಕಡೆ ಶೇಕಡಾವಾರು ಬೇಡ. ಒಬ್ಬರು ಬಿಟ್ಟರೆ ಶೇ 10 ಕುಸಿದಂತೆ ಕಾಣುತ್ತದೆ. ವೈಕಲ್ಯ ಹೇಳಿಕೊಳ್ಳುವುದು ಸ್ವಇಚ್ಛೆಗೆ ಬಿಟ್ಟದ್ದಾಗಿರಲಿ, ಮಾಹಿತಿ ಗುಟ್ಟಾಗಿರಲಿ. ಹೆದರಿ ಹೇಳದೇ ಉಳಿದವರು ಯಾವ ಪಟ್ಟಿಗೂ ಸಿಗುವುದಿಲ್ಲ.