ಮಧ್ಯಾಹ್ನ ಇನ್ವರ್ಟರ್ ಯಾಕೆ ಸುಸ್ತಾಗುತ್ತದೆ?

ಬೇಸಿಗೆ ಬಂತು, ಪತ್ರಗಳೂ ಬಂದವು. ಈ ಸಲ ನಾಲ್ಕನ್ನು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮನೆ ಮೇಲೆ 5 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಬಿಸಿಲು ಜಾಸ್ತಿಯಾದರೆ ಕರೆಂಟೂ ಜಾಸ್ತಿ ಬರಬೇಕಲ್ವಾ? ಜನವರಿಯಲ್ಲಿ ನಾಲ್ಕು ದಾಟುತ್ತಿತ್ತು, ಈಗ ಮಧ್ಯಾಹ್ನ 1 ಗಂಟೆಗೆ ಮೂರೂವರೆ ಮೇಲೆ ಏರುವುದೇ ಇಲ್ಲ. ಹಾಕಿದವರು 'ಇದು ಮಾಮೂಲು ಸರ್' ಅಂತಾರೆ. ನಾವು ಮೋಸ ಹೋದೆವಾ?
– ನಿವೃತ್ತ ಶಿಕ್ಷಕರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ಮೋಸ ಅಲ್ಲ ಮಾಸ್ತರ್ರೇ. ಆದರೆ 'ಮಾಮೂಲು' ಅಂದು ಕೈತೊಳೆದುಕೊಂಡದ್ದೂ ಸರಿಯಲ್ಲ.

ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಬಿಸಿ ಅಲ್ಲ. ಅದರ ಹಿಂದೆ ಬರೆದಿರುವ ವ್ಯಾಟು 25 ಡಿಗ್ರಿಯಲ್ಲಿ ಅಳೆದದ್ದು. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಶೇ. 0.35ರ ಆಸುಪಾಸು ಕಡಿಮೆಯಾಗುತ್ತಾ ಹೋಗುತ್ತದೆ. ನಮ್ಮಲ್ಲಿ ಗಾಳಿಯೇ 43 ಡಿಗ್ರಿ ಇದ್ದಾಗ ಪ್ಯಾನೆಲ್ಲು ಸುಲಭವಾಗಿ 65, 70 ಮುಟ್ಟುತ್ತದೆ. ಅಲ್ಲಿಗೆ ಶೇ. 15ರಷ್ಟು ಹೋಯಿತು. ಮೇಲೆ ಧೂಳು ಬೇರೆ. ಉಳಿದ ಕೊರತೆಗೆ ಇನ್ವರ್ಟರ್ ಕಡೆ ನೋಡಬೇಕು.

ಪ್ಯಾನೆಲ್ಲಿನ ಡಿಸಿಯನ್ನು ಎಸಿ ಮಾಡಲು ಒಳಗಿನ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತವೆ. ಆನ್ ಇದ್ದಾಗ ಸ್ವಲ್ಪ ಬಿಸಿ, ಆನ್‌ನಿಂದ ಆಫ್‌ಗೆ ಹೊರಳುವ ಆ ಕ್ಷಣದಲ್ಲಿ ಇನ್ನಷ್ಟು ಬಿಸಿ. ನೂರಕ್ಕೆ 97 ಪಾಲು ಹೊರಗೆ ಕೊಡುವ ಒಳ್ಳೆಯ ಇನ್ವರ್ಟರ್ ಅಂತಲೇ ಇಟ್ಟುಕೊಳ್ಳಿ, 4 ಕಿಲೋವ್ಯಾಟ್ ಓಡುವಾಗ 120 ವ್ಯಾಟ್ ಒಳಗೇ ಸುಡುತ್ತದೆ. ಹಳೇ 60 ವ್ಯಾಟಿನ ಬಲ್ಬು ಎರಡನ್ನು ಮುಚ್ಚಿದ ಡಬ್ಬಿಯಲ್ಲಿ ಹೊತ್ತಿಸಿಟ್ಟ ಹಾಗೆ.

ಈ ಬಿಸಿ ಹೊರಗೆ ಹೋಗಬೇಕಾದರೆ ಹೊರಗೆ ತಂಪಿರಬೇಕು. ಹೀಟ್ ಸಿಂಕ್, ಅಂದರೆ ಬಿಸಿ ಹೊರಹಾಕುವ ಹಿಂದಿನ ಲೋಹದ ರೆಕ್ಕೆಗಳು, 80 ಡಿಗ್ರಿ ತನಕ ತಡೆಯುತ್ತದೆ ಅಂದುಕೊಳ್ಳಿ. ಬೆಂಗಳೂರಿನ 28 ಡಿಗ್ರಿ ಗಾಳಿಯಲ್ಲಿ ಅದಕ್ಕೆ 52 ಡಿಗ್ರಿ ಇಳಿಜಾರು ಸಿಗುತ್ತದೆ. ನಮ್ಮ 43ರಲ್ಲಿ ಸಿಗುವುದು 37. ಬಾಳಂತಿಯನ್ನು ಮಲಗಿಸಿದಂತೆ ಡಬ್ಬಿಯನ್ನು ತಗಡಿನ ಕೆಳಗೆ ಗಾಳಿಯಾಡದ ಮೂಲೆಯಲ್ಲಿ ಕೂರಿಸಿದ್ದರೆ ಅಲ್ಲಿನ ಗಾಳಿ 50 ದಾಟಿರುತ್ತದೆ, ಉಳಿಯುವುದು 30ಕ್ಕಿಂತ ಕಡಿಮೆ. ಆಗ ಇನ್ವರ್ಟರ್ ಸುಟ್ಟುಹೋಗುವುದಕ್ಕಿಂತ ಕೆಲಸ ಕಡಿಮೆ ಮಾಡೋಣ ಅಂತ ತಾನೇ ಇಳಿಸಿಕೊಳ್ಳುತ್ತದೆ. ಬಹಳಷ್ಟು ಇನ್ವರ್ಟರುಗಳಲ್ಲಿ ಸುತ್ತಲಿನ ಗಾಳಿ 45 ಅಥವಾ 50 ಡಿಗ್ರಿ ಮುಟ್ಟಿದರೆ ಇದು ಶುರು. ಯಾವ ಡಿಗ್ರಿಯಿಂದ ಎಷ್ಟು ಇಳಿಯುತ್ತದೆ ಅನ್ನುವ ಗೆರೆ ಮಾಹಿತಿ ಪುಸ್ತಕದಲ್ಲಿ ಇರುತ್ತದೆ. ಕೊಳ್ಳುವಾಗ ಯಾರೂ ಆ ಪುಟ ತೆರೆಯುವುದಿಲ್ಲ, ನಾನೂ ತೆರೆದಿರಲಿಲ್ಲ.

ನನ್ನ ಕತೆ ಕೇಳಿ. ಮೀಟರಿಗೆ ಹತ್ತಿರ, ವೈರು ಉಳಿಯುತ್ತದೆ ಅಂತ ಜಿಪುಣತನ ಮಾಡಿ ಪಡುವಣ ಗೋಡೆಗೆ ಹಾಕಿಸಿದೆ. ಸಂಜೆ 5ರ ತನಕ ಬಿಸಿಲು ನೇರ ಬಡಿಯುವ ಗೋಡೆ. ನಾಲ್ಕನೇ ವರ್ಷಕ್ಕೆ ಒಳಗಿನ ಕಂಡೆನ್ಸರುಗಳು, ಅಂದರೆ ಚಾರ್ಜು ಹಿಡಿದಿಟ್ಟು ಬಿಡುವ ಬಿಡಿಭಾಗಗಳು, ಉಬ್ಬಿ ಕೂತಿದ್ದವು. ಆ ಸಿಲಿಂಡರಿನಂಥ ಕಂಡೆನ್ಸರಿನೊಳಗೆ ದ್ರವ ಇರುತ್ತದೆ, ಬಿಸಿಗೆ ಅದು ನಿಧಾನಕ್ಕೆ ಆರುತ್ತದೆ. 10 ಡಿಗ್ರಿ ಏರಿದರೆ ಆಯಸ್ಸು ಅರ್ಧ ಅನ್ನುವುದು ಈ ಕಸುಬಿನವರ ಬಾಯಿಲೆಕ್ಕ. ಟ್ರಾನ್ಸಿಸ್ಟರ್ ಎಷ್ಟೇ ಗಟ್ಟಿ ಇರಲಿ, ಮೊದಲು ಸಾಯುವುದು ಪಕ್ಕದ ಕಂಡೆನ್ಸರ್. ಅದಕ್ಕೇ ಕೆಲವು ಕಂಪನಿಗಳು ದ್ರವವಿಲ್ಲದ ಫಿಲ್ಮ್ ಕಂಡೆನ್ಸರ್ ಹಾಕುತ್ತಿವೆ. ಜಾಗ ಜಾಸ್ತಿ, ದುಡ್ಡೂ ಜಾಸ್ತಿ.

ನೀವು ಮಾಡಬೇಕಾದದ್ದು ಇಷ್ಟು. ಡಬ್ಬಿಯನ್ನು ಬಡಗಣ ಗೋಡೆಗೋ ನೆರಳಿಗೋ ತನ್ನಿ. ಸುತ್ತ ಒಂದು ಗೇಣಾದರೂ ಜಾಗ ಬಿಡಿಸಿ. ಹಿಂದಿನ ರೆಕ್ಕೆಗಳ ಧೂಳನ್ನು, ಬಂದ್ ಮಾಡಿದ ಮೇಲೆ, ಒಣ ಬ್ರಷ್‌ನಿಂದ ತೆಗೆಸಿ. ಹಾಂ, ಇನ್ನೊಂದು. ಪವರ್ ಇಳಿಯುವುದರ ಬದಲು ಮಧ್ಯಾಹ್ನ ಪೂರ್ತಿ ನಿಂತು ಮತ್ತೆ ಶುರುವಾಗುತ್ತಿದ್ದರೆ ಡಿಸ್‌ಪ್ಲೇ ನೋಡಿ. ಗ್ರಿಡ್ ವೋಲ್ಟೇಜ್ ಜಾಸ್ತಿ ಅಂತ ತೋರಿಸಿದರೆ ಅದು ಬಿಸಿಯ ಕತೆ ಅಲ್ಲ, ಓಣಿಯ ಲೈನಿನ ಕತೆ. ಅದಕ್ಕೆ ಗೋಡೆ ಬದಲಿಸಿ ಉಪಯೋಗವಿಲ್ಲ.

ಪ್ರಶ್ನೆ: ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಿರುವ 65 ವ್ಯಾಟಿನ 'ಗ್ಯಾನ್' ಚಾರ್ಜರ್ ತಂದೆ. ಅಣ್ಣ 'ಎಲ್ಲಾ ಸುಮ್ನೆ ಹೆಸರು' ಅಂತಾನೆ. ಹೌದಾ?
– ಡಿಪ್ಲೊಮಾ ವಿದ್ಯಾರ್ಥಿನಿ, ಬೀದರ್

ಉತ್ತರ: ಅಣ್ಣನಿಗೆ ಹೇಳಮ್ಮ, ಈ ಹೆಸರಿನಲ್ಲಿ ಹುರುಳಿದೆ. ಗ್ಯಾನ್ ಅಂದರೆ ಗ್ಯಾಲಿಯಂ ನೈಟ್ರೈಡ್. ನೀಲಿ ಎಲ್‌ಇಡಿಗೆ 2014ರಲ್ಲಿ ನೊಬೆಲ್ ಬಂತಲ್ಲ, ಆ ಎಲ್‌ಇಡಿಯೂ ಇದೇ ವಸ್ತುವಿನದು.

ತೊಟ್ಟಿಯಿಂದ ಹಂಡೆಗೆ ನೀರು ತುಂಬಬೇಕು ಅಂದುಕೋ. ನಿಧಾನಕ್ಕೆ ನಡೆಯುವವನಿಗೆ ದೊಡ್ಡ ಕೊಡ ಬೇಕು. ಓಡಾಡುವವನಿಗೆ ತಂಬಿಗೆ ಸಾಕು. ಚಾರ್ಜರಿನ ಟ್ರಾನ್ಸ್‌ಫಾರ್ಮರ್ ಆ ಪಾತ್ರೆ. ಟ್ರಾನ್ಸಿಸ್ಟರ್ ಬೇಗ ಬೇಗ ಆನ್-ಆಫ್ ಆದಷ್ಟೂ ಪಾತ್ರೆ ಚಿಕ್ಕದಾದರೆ ನಡೆಯುತ್ತದೆ. ಸಿಲಿಕಾನ್ ಅಷ್ಟು ಜೋರಾಗಿ ಓಡಿದರೆ ಬಿಸಿಯಾಗಿ ಕೂರುತ್ತದೆ, ಗ್ಯಾನ್ ಕಡಿಮೆ ಬಿಸಿಯಲ್ಲಿ ಓಡುತ್ತದೆ.

ಹಾಗಾದರೆ ಕಷ್ಟ ಎಲ್ಲಿ? ಬೋರ್ಡಿನಲ್ಲಿ. ಒಂದು ಸೆಂಟಿಮೀಟರ್ ತಂತಿಗೆ ಸುಮಾರು 10 ನ್ಯಾನೊಹೆನ್ರಿ ಇಂಡಕ್ಟೆನ್ಸ್ ಇರುತ್ತದೆ, ಅಂದರೆ ಕರೆಂಟು ತಟ್ಟನೆ ಬದಲಾಗುವುದನ್ನು ತಡೆಯುವ ಗುಣ. ನಿಧಾನದ ಸರ್ಕ್ಯೂಟಿನಲ್ಲಿ ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಲ್ಲಿ 10 ಆಂಪಿಯರ್ ಕರೆಂಟು 10 ನ್ಯಾನೊಸೆಕೆಂಡಿನಲ್ಲಿ ನಿಂತರೆ ಆ ಒಂದು ಸೆಂಟಿಮೀಟರಿನಲ್ಲೇ 10 ವೋಲ್ಟ್ ಏಳುತ್ತದೆ. ಗ್ಯಾನ್ ಟ್ರಾನ್ಸಿಸ್ಟರನ್ನು ಆನ್-ಆಫ್ ಮಾಡಿಸುವ ಕಾಲಿಗೆ, ಅಂದರೆ ಗೇಟಿಗೆ, 6, 7 ವೋಲ್ಟೇ ಹೆಚ್ಚು! ಹಾಗಾಗಿ ಡಿಸೈನ್ ಮಾಡುವವರು ಬೋರ್ಡಿನ ಮೇಲೆ ಮಿಲಿಮೀಟರಿಗಾಗಿ ಜಗಳವಾಡುತ್ತಾರೆ. ಅಗ್ಗದ ಚಾರ್ಜರ್ ಹಾಕಿದಾಗ ರೇಡಿಯೊ ಕರಕರ ಅನ್ನುವುದೂ ಇಂಥ ಅವಸರದ ಆನ್-ಆಫ್‌ನಿಂದಲೇ, ಫಿಲ್ಟರಿನಲ್ಲಿ ದುಡ್ಡು ಉಳಿಸಿರುತ್ತಾರೆ. ಇನ್ನು ಮೈ ಚಿಕ್ಕದಾದ್ದರಿಂದ ಬಿಸಿ ಹೊರಹೋಗಲು ಜಾಗವೂ ಕಡಿಮೆ. ಹಾಸಿಗೆ ಮೇಲೆ, ದಿಂಬಿನ ಕೆಳಗೆ ಇಡಬೇಡ.

ಪ್ರಶ್ನೆ: ತೊಗರಿ ದಾಲ್‌ಮಿಲ್ಲಿನ 15 ಎಚ್‌ಪಿ ಮೋಟಾರಿಗೆ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್ ಹಾಕಿಸಿದೆ. ಕರೆಂಟು ಬಿಲ್ಲು ಇಳಿಯಿತು, ಆದರೆ ವರ್ಷದಲ್ಲಿ ಎರಡು ಸಲ ಬೇರಿಂಗ್ ಹೋಯಿತು. ಡ್ರೈವ್ ಆಫೀಸ್ ರೂಮಿನಲ್ಲಿದೆ, ಮೋಟಾರ್ ಸುಮಾರು 60 ಮೀಟರ್ ದೂರ.
– ಮಿಲ್ ಮಾಲೀಕರು, ಕಲಬುರಗಿ

ಉತ್ತರ: ಸಾವಕಾರ್ರೇ, ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. 415 ವೋಲ್ಟ್ ಲೈನನ್ನು ಡ್ರೈವ್ ಮೊದಲು ಸುಮಾರು 587 ವೋಲ್ಟ್ ಡಿಸಿ ಮಾಡುತ್ತದೆ, ಆಮೇಲೆ ಅದನ್ನು ಕತ್ತರಿಸಿ ಕತ್ತರಿಸಿ ಮೋಟಾರಿಗೆ ಕಳಿಸುತ್ತದೆ. ಕೇಬಲ್ ಉದ್ದ ಇದ್ದರೆ ಈ ಏಟು ಮೋಟಾರಿನ ತುದಿಗೆ ಬಡಿದು ವಾಪಸ್ ಬರುತ್ತದೆ, ಬಾವಿಯೊಳಗೆ ಕೂಗಿದ ಹಾಗೆ. ಆ ತುದಿಯಲ್ಲಿ ವೋಲ್ಟೇಜು ಹೆಚ್ಚುಕಡಿಮೆ ಎರಡು ಪಟ್ಟು, 1,100 ದಾಟಬಹುದು. ಅದು ಪೆಟ್ಟು ಕೊಡುವುದು ವೈಂಡಿಂಗಿಗೆ, ಅಂದರೆ ಮೋಟಾರಿನೊಳಗಿನ ತಂತಿ ಸುರುಳಿಗೆ. ಬೇರಿಂಗ್ ತಿನ್ನುವುದು ಅದರ ತಮ್ಮ. ಅದೇ ಕತ್ತರಿಸಿದ ವೋಲ್ಟೇಜಿನಿಂದ ಶಾಫ್ಟಿಗೆ ಚಾರ್ಜು ಏರುತ್ತದೆ, ಗ್ರೀಸಿನ ಪದರ ಒಡೆದು ಬೇರಿಂಗಿನೊಳಗೆ ಕಿಡಿ ಹಾರುತ್ತದೆ. ಬಿಚ್ಚಿದಾಗ ಒಳಗೆ ಸಾಲು ಸಾಲು ಗೆರೆ ಕಂಡರೆ ಇದೇ ಅಂತ ತಿಳಿಯಿರಿ.

ಡ್ರೈವನ್ನು ಮೋಟಾರಿನ ಹತ್ತಿರ ತನ್ನಿ, ಆದರೆ ತೊಗರಿ ಹೊಟ್ಟು ನುಗ್ಗದ ಪೆಟ್ಟಿಗೆಯಲ್ಲಿ. ಆಗದಿದ್ದರೆ ಡ್ರೈವಿನ ಹೊರದಾರಿಗೆ ಚೋಕ್ ಅಥವಾ ಫಿಲ್ಟರ್, ಶೀಲ್ಡ್ ಇರುವ ಕೇಬಲ್, ಶಾಫ್ಟಿಗೆ ಅರ್ಥಿಂಗ್ ಬ್ರಷ್. ಬರೀ ಬೇರಿಂಗ್ ಬದಲಿಸುತ್ತಾ ಹೋದರೆ ಅಂಗಡಿಯವನು ಮಾತ್ರ ಸಾವಕಾರ ಆಗುತ್ತಾನೆ.

ಪ್ರಶ್ನೆ: ಐಜಿಬಿಟಿ ಕಂಡುಹಿಡಿದವರು ನಮ್ಮ ಕಡೆಯವರು ಅಂತ ಲೆಕ್ಚರರ್ ಹೇಳಿದರು. ನಿಜವಾ? ಸಿಲಿಕಾನ್ ಕಾರ್ಬೈಡ್ ಬಂದ ಮೇಲೆ ಅದರ ಕಾಲ ಮುಗಿಯಿತಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಯಾದಗಿರಿ

ಉತ್ತರ: ನಿಜ. ಐಜಿಬಿಟಿ ಅಂದರೆ ದೊಡ್ಡ ವೋಲ್ಟೇಜು, ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಿಲಿಕಾನ್ ಟ್ರಾನ್ಸಿಸ್ಟರ್. ಕಂಡುಹಿಡಿದವರು ಬಿ. ಜಯಂತ್ ಬಾಳಿಗಾ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು, ಮದ್ರಾಸ್ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದರು, ಅಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದಾಗ ಇದನ್ನು ಮಾಡಿದರು. 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಬಂತು. ಯಾದಗಿರಿ ಸ್ಟೇಷನ್ನಿನಲ್ಲಿ ನಿಂತು ನೋಡು, ಹಾದುಹೋಗುವ ಹೊಸ ಎಲೆಕ್ಟ್ರಿಕ್ ಎಂಜಿನ್ನುಗಳ ಹೊಟ್ಟೆಯಲ್ಲಿ ಐಜಿಬಿಟಿ ಇದೆ.

ಕಾಲ ಮುಗಿದಿಲ್ಲ. ಸಿಲಿಕಾನ್ ಕಾರ್ಬೈಡ್, ಅಂದರೆ ಸಿಲಿಕಾನಿಗೆ ಇಂಗಾಲ ಸೇರಿದ ವಸ್ತು, ಬಿಸಿಯನ್ನು ಸಿಲಿಕಾನಿಗಿಂತ ಸುಮಾರು ಮೂರು ಪಟ್ಟು ಚೆನ್ನಾಗಿ ಹೊರಗೆ ಸಾಗಿಸುತ್ತದೆ, ವೋಲ್ಟೇಜನ್ನೂ ಚೆನ್ನಾಗಿ ತಡೆಯುತ್ತದೆ. ಟೆಸ್ಲಾ ಮಾಡೆಲ್ 3 ಕಾರಿನ ಮುಖ್ಯ ಇನ್ವರ್ಟರಿಗೆ ಅದನ್ನೇ ಹಾಕಿದ್ದು. ಆದರೆ ಸಿಲಿಕಾನನ್ನು ಕರಗಿಸಿ ಹರಳು ಎಳೆದ ಹಾಗೆ ಇದನ್ನು ಎಳೆಯಲು ಬರುವುದಿಲ್ಲ. 2,000 ಡಿಗ್ರಿಗೂ ಮೇಲೆ ಆವಿ ಮಾಡಿ ನಿಧಾನವಾಗಿ ಬೆಳೆಸಬೇಕು. ಸಿಕ್ಕ ಹರಳು ಕೊಯ್ಯುವುದಕ್ಕೂ ವಜ್ರದಂತೆ ಕಾಡುತ್ತದೆ. ರೇಟು ಅಲ್ಲಿಂದ ಏರುತ್ತದೆ. ಎರಡನ್ನೂ ಓದಿಕೋ. ಮೊದಲು ಸಾಲ್ಡರಿಂಗ್ ಕಬ್ಬಿಣ ಹಿಡಿದು ಕೆಟ್ಟುಹೋದ ಒಂದು ಯುಪಿಎಸ್ ಬಿಚ್ಚಿ ನೋಡು, ಬ್ಯಾಟರಿ ತೆಗೆದು, ಕಂಡೆನ್ಸರಿನ ಚಾರ್ಜು ಇಳಿಸಿದ ಮೇಲೆ.